ಸಂಡೂರಿನ ಕಬ್ಬಿಣ, ಕೋಶದೊಳಗಿನ ಕಿಡಿ

ಹೊಸಪೇಟೆಯಿಂದ ಸಂಡೂರಿನ ಹಾದಿ ಹಿಡಿದರೆ ರಸ್ತೆ ಬದಿಯ ಬೇವಿನ ಎಲೆಗೂ ಕೆಂಪು ಮೆತ್ತಿಕೊಂಡಿರುತ್ತದೆ. ಅದಿರಿನ ಲಾರಿ ಓಡಾಡುವ ಊರುಗಳಲ್ಲಿ ಒಣಹಾಕಿದ ಬಟ್ಟೆ, ದನದ ಬೆನ್ನು, ಶಾಲೆ ಮಕ್ಕಳ ಬಿಳಿ ಅಂಗಿ ಎಲ್ಲಕ್ಕೂ ಇದೇ ಬಣ್ಣ. ಈ ಕೆಂಪು ಹೆಮಟೈಟ್‌ನದು. ಕಬ್ಬಿಣದ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು ಪರಮಾಣು ಕೂಡಿ ಆದ ಖನಿಜ ಅದು. ಕಬ್ಬಿಣ ಎಲೆಕ್ಟ್ರಾನು ಬಿಟ್ಟುಕೊಟ್ಟಿತು, ಆಮ್ಲಜನಕ ತೆಗೆದುಕೊಂಡಿತು. ದೋಣಿಮಲೈ, ರಾಮಗಡ, ಕುಮಾರಸ್ವಾಮಿ ಬೆಟ್ಟಗಳ ಬಣ್ಣವೆಲ್ಲ ಆ ಕೊಡು-ಕೊಳ್ಳುವಿಕೆಯ ಫಲ.

ಈ ಬೆಟ್ಟಗಳ ಶಿಲೆಗಳು ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯವು. ಆಗ ಇಲ್ಲಿ ಸಮುದ್ರವಿತ್ತು, ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ವಾತಾವರಣಕ್ಕೆ ಆಮ್ಲಜನಕ ಸೇರಿಕೊಳ್ಳತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಆದರೆ ಸಂಡೂರಿನ ಶಿಲಾಪಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸುಣ್ಣಕಲ್ಲು, ಅಂದರೆ ಸ್ಟ್ರೊಮ್ಯಾಟೊಲೈಟ್ ಸಿಕ್ಕಿದೆ. ದೇವಗಿರಿಯ ಕಡೆ ಮ್ಯಾಂಗನೀಸ್ ಪದರಗಳೂ ಇವೆ. ಕಬ್ಬಿಣಕ್ಕಿಂತ ಮ್ಯಾಂಗನೀಸ್‌ನಿಂದ ಎಲೆಕ್ಟ್ರಾನು ಕಿತ್ತುಕೊಳ್ಳುವುದು ಕಷ್ಟ. ಹಾಗಾಗಿ ಇಂಥ ಪ್ರಾಚೀನ ಮ್ಯಾಂಗನೀಸ್ ಪದರಗಳನ್ನು ಕಂಡ ಕೆಲವು ಭೂವಿಜ್ಞಾನಿಗಳು, ಜಗತ್ತಿಗೆಲ್ಲ ಆಮ್ಲಜನಕ ಬರುವ ಮೊದಲೇ ಕೆಲವು ಕಡಲಂಚುಗಳಲ್ಲಿ ಅದು ಹುಟ್ಟಿತ್ತು ಎಂದು ವಾದಿಸುತ್ತಾರೆ.

ಆಮ್ಲಜನಕ ಬಂದ ಮೇಲೆ ಜೀವಿಗಳಿಗೆ ಭಾರಿ ಲಾಭವಾಯಿತು, ಬಿಡಿಸಲಾಗದ ತೊಡಕೂ ಅಂಟಿಕೊಂಡಿತು. ಬೆಟ್ಟದಲ್ಲಿ ನಡೆದ ಎಲೆಕ್ಟ್ರಾನಿನ ವ್ಯವಹಾರವೇ ಈಗ ನಮ್ಮ ಒಂದೊಂದು ಜೀವಕೋಶದಲ್ಲೂ ನಡೆಯುತ್ತಿದೆ. ಬೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಕೋಶದೊಳಗಿನದು ಕಾಣುವುದಿಲ್ಲ. ಅದನ್ನು ಕಾಣಿಸಲು ರಸಾಯನ ವಿಜ್ಞಾನಿಗಳು ಕಂಡುಕೊಂಡ ಉಪಾಯದ ಕಥೆ ಈ ಅಧ್ಯಾಯ.

ನಾಲ್ಕು ಎಲೆಕ್ಟ್ರಾನುಗಳ ದಾರಿ

ನಾವು ಉಂಡ ಅನ್ನದಿಂದ ಕಿತ್ತ ಎಲೆಕ್ಟ್ರಾನುಗಳು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಇಳಿಯುತ್ತ ಹೋಗುತ್ತವೆ. ಇಳಿಯುವಾಗ ಸಿಗುವ ಶಕ್ತಿಯಿಂದ ಪೊರೆಯ ಒಂದು ಬದಿಗೆ ಪ್ರೋಟಾನುಗಳು ತುಂಬಿಕೊಳ್ಳುತ್ತವೆ. ತುಂಗಭದ್ರೆಯ ನೀರನ್ನು ಕಟ್ಟೆಯ ಹಿಂದೆ ನಿಲ್ಲಿಸಿ, ಕೆಳಗಿನ ಪವರ್‌ಹೌಸಿಗೆ ಬಿಟ್ಟು ಟರ್ಬೈನ್ ತಿರುಗಿಸುವ ಹಾಗೆ, ಈ ಪ್ರೋಟಾನುಗಳು ಮರಳಿ ಹರಿಯುವಾಗ ಒಂದು ಕಿಣ್ವವನ್ನು ನಿಜಕ್ಕೂ ತಿರುಗಿಸುತ್ತವೆ. ಕೋಶದ ಇಂಧನವಾದ ಎಟಿಪಿ ತಯಾರಾಗುತ್ತದೆ. ದಾರಿಯ ಕೊನೆಯಲ್ಲಿ ನಿಂತ ಆಮ್ಲಜನಕದ ಅಣು ನಾಲ್ಕು ಎಲೆಕ್ಟ್ರಾನು ಪಡೆದು ನೀರಾಗುತ್ತದೆ.

ನಾಲ್ಕೂ ಒಟ್ಟಿಗೆ ಸಿಕ್ಕರೆ ತೊಂದರೆಯಿಲ್ಲ. ನಡುದಾರಿಯಲ್ಲಿ ಒಂದು ಎಲೆಕ್ಟ್ರಾನು ಜಾರಿ ಆಮ್ಲಜನಕಕ್ಕೆ ಸೇರಿದರೆ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಎರಡು ಸೇರಿದರೆ ಹೈಡ್ರೊಜನ್ ಪೆರಾಕ್ಸೈಡ್. ಮೂರನೆಯದೂ ಸೇರಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್. ಇವೆಲ್ಲವನ್ನೂ ಒಟ್ಟಾಗಿ ಕ್ರಿಯಾಶೀಲ ಆಮ್ಲಜನಕ ಎನ್ನುತ್ತಾರೆ. ಒಂದೇ ಹೆಸರಿನಡಿ ಬಂದರೂ ಇವುಗಳ ಗುಣ ಬೇರೆ ಬೇರೆ. ಜೋಡಿಯಿಲ್ಲದ ಎಲೆಕ್ಟ್ರಾನು ಹೊತ್ತ ಅಣುವಿಗೆ ರ್‍ಯಾಡಿಕಲ್ ಎಂದು ಹೆಸರು. ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿದ ಒಂದು ನ್ಯಾನೊಸೆಕೆಂಡಿನೊಳಗೆ ಪಕ್ಕದಲ್ಲಿ ಸಿಕ್ಕ ಅಣುವಿನ ಮೇಲೆ ಬೀಳುತ್ತದೆ. ಅದು ಡಿಎನ್‌ಎ ಆದರೂ ಸರಿ, ಕೊಬ್ಬಾದರೂ ಸರಿ. ಹೈಡ್ರೊಜನ್ ಪೆರಾಕ್ಸೈಡ್ ಹೋಲಿಕೆಯಲ್ಲಿ ಶಾಂತ. ಅದು ಹುಟ್ಟಿದಲ್ಲಿಂದ ಸ್ವಲ್ಪ ದೂರ ಹೋಗಬಲ್ಲದು, ಪೊರೆಯನ್ನೂ ದಾಟಬಲ್ಲದು.

ಈ ಶಾಂತ ಅಣುವನ್ನು ರೌದ್ರಗೊಳಿಸುವುದು ಕಬ್ಬಿಣ. 1894ರಲ್ಲಿ ಕೇಂಬ್ರಿಜ್‌ನ ಹೆನ್ರಿ ಫೆಂಟನ್, ಕಬ್ಬಿಣದ ಲವಣ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಕೂಡಿದರೆ ಟಾರ್ಟಾರಿಕ್ ಆಮ್ಲದ ಆಕ್ಸಿಡೀಕರಣ ಹೇಗೆ ನಡೆಯುತ್ತದೆಂದು ವರದಿ ಮಾಡಿದರು. ಅಲ್ಲಿ ಕಬ್ಬಿಣ ಒಂದು ಎಲೆಕ್ಟ್ರಾನು ಕೊಟ್ಟು ಪೆರಾಕ್ಸೈಡನ್ನು ಸೀಳುತ್ತದೆ, ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹೊರಬರುತ್ತದೆ ಎಂಬುದು ಆಮೇಲೆ ತಿಳಿಯಿತು. ಕೋಶವು ಕಬ್ಬಿಣವನ್ನು ಬಿಡಿಯಾಗಿ ಓಡಾಡಲು ಬಿಡದೆ ಫೆರಿಟಿನ್‌ನಂಥ ಪ್ರೋಟೀನುಗಳಲ್ಲಿ ಬಚ್ಚಿಡುವುದಕ್ಕೆ ಇದೊಂದು ದೊಡ್ಡ ಕಾರಣ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್, ಸೂಪರ್‌ಆಕ್ಸೈಡನ್ನು ಇಲ್ಲವಾಗಿಸುವುದೇ ಕೆಲಸವಾದ ಕಿಣ್ವವೊಂದಿದೆ ಎಂದು ತೋರಿಸಿದರು. ಮೈಟೊಕಾಂಡ್ರಿಯದಲ್ಲಿರುವ ಅದರ ರೂಪಕ್ಕೆ ಮ್ಯಾಂಗನೀಸ್ ಬೇಕು. ದೇವಗಿರಿಯಲ್ಲಿ ಅಗೆದು ತೆಗೆಯುವ ಲೋಹವೇ ನಮ್ಮೊಳಗೆ ಕಾವಲಿಗೂ ನಿಂತಿದೆ.

ಬಾಳೆಹಣ್ಣಿನ ನೀಲಿ

ನ್ಯಾನೊಸೆಕೆಂಡು ಬಾಳುವ, ಲೀಟರಿಗೆ ಮೋಲಿನ ಕೋಟಿಯಲ್ಲೊಂದು ಪಾಲಿನಷ್ಟೂ ಇರದ ಅಣುಗಳನ್ನು ಜೀವಂತ ಕೋಶದೊಳಗೆ ನೋಡುವುದು ಹೇಗೆ? ಅದಕ್ಕೆ ಪ್ರತಿದೀಪ್ತಿ ನೆರವಾಗುತ್ತದೆ. ಕೆಲವು ಅಣುಗಳು ಒಂದು ಬಣ್ಣದ ಬೆಳಕನ್ನು ಹೀರಿ, ಅದಕ್ಕಿಂತ ಕಡಿಮೆ ಶಕ್ತಿಯ ಇನ್ನೊಂದು ಬಣ್ಣವನ್ನು ಹೊರಸೂಸುತ್ತವೆ. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕ್ವಿನೈನ್ ದ್ರಾವಣದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದರು.

ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಖೋಟಾ ನೋಟು ಪತ್ತೆಗೆ ಅಂಗಡಿಯ ಗಲ್ಲಾದ ಬಳಿ ಇಡುವ ನೇರಳಾತೀತ ದೀಪ ಸಾಕು. ಕತ್ತಲೆ ಕೋಣೆಯಲ್ಲಿ ಅದರ ಕೆಳಗೆ ಹೊಸಪೇಟೆ, ಕಂಪ್ಲಿ ಕಡೆಯ ಒಂದು ಕಾಯಿಬಾಳೆ, ಒಂದು ಹಳದಿ ತಿರುಗಿದ ಹಣ್ಣು ಇಟ್ಟು ನೋಡಿ. ದೀಪವನ್ನು ಮಾತ್ರ ನೇರ ದಿಟ್ಟಿಸಬೇಡಿ. ಹಣ್ಣಿನ ಸಿಪ್ಪೆ ನೀಲಿಯಾಗಿ ಹೊಳೆಯುತ್ತದೆ, ಕಾಯಿಗೆ ಆ ಹೊಳಪಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಬರ್ನ್‌ಹಾರ್ಡ್ ಕ್ರಾಯ್ಟ್ಲರ್ ಮತ್ತು ಸಂಗಡಿಗರು 2008ರಲ್ಲಿ ಇದರ ಕಾರಣ ತಿಳಿಸಿದರು. ಹಣ್ಣಾಗುವಾಗ ಪತ್ರಹರಿತ್ತು ಒಡೆದು ನೀಲಿ ಬೆಳಗುವ ತುಣುಕುಗಳು ಸಿಪ್ಪೆಯಲ್ಲಿ ಉಳಿಯುತ್ತವೆ. ಮರುವರ್ಷ ಇನ್ನೊಂದು ಸೋಜಿಗ ಹೊರಬಿತ್ತು. ಮಾಗಿದ ಹಣ್ಣಿನ ಮೇಲೆ ಏಳುವ ಕಂದು ಚುಕ್ಕೆಗಳ ಸುತ್ತ ನೀಲಿ ಬಳೆಗಳಿರುತ್ತವೆ. ಚುಕ್ಕೆಯ ನಡುವಿನ ಕೋಶಗಳು ಸತ್ತಿವೆ, ಅಲ್ಲಿ ಬೆಳಕಿಲ್ಲ. ಅಂಚಿನಲ್ಲಿ ಸಾಯುತ್ತಿರುವ ಕೋಶಗಳು ಹೆಚ್ಚು ಬೆಳಗುತ್ತವೆ. ಸಿಪ್ಪೆಯ ಕೋಶಗಳು ತಮ್ಮ ಸ್ಥಿತಿಯನ್ನು ತಾವೇ ಬರೆದು ತೋರಿಸಿದಂತಾಯಿತು.

ಕ್ರಿಯಾಶೀಲ ಆಮ್ಲಜನಕದ ಕಿಡಿಗಳಿಗೆ ಇಂಥ ಸ್ವಂತ ಹೊಳಪಿಲ್ಲ. ಆದ್ದರಿಂದ ಹೊರಗಿನಿಂದ ಒಂದು ಅಣುವನ್ನು ಕೋಶಕ್ಕೆ ಕಳಿಸಬೇಕು. ಮೊದಲು ಅದು ಮಂಕಾಗಿರಬೇಕು, ಕ್ರಿಯಾಶೀಲ ಆಮ್ಲಜನಕ ತಗುಲಿದ ಕೂಡಲೇ ಬೆಳಗಬೇಕು. ಅದೇ ಪ್ರತಿದೀಪಕ ಶೋಧಕ. ಪ್ರಯೋಗಾಲಯದ ಮಾತಿನಲ್ಲಿ ಪ್ರೋಬ್.

ಹಸಿರು ಬೆಳಗುವ ಹಳೆಯ ಡೈ

ಇವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಡಿಸಿಎಫ್ ಎಂದು ಕರೆಯುವ ಡೈ. ಇದರ ಮೂಲ ವಿಧಾನವನ್ನು ಕೆಸ್ಟನ್ ಮತ್ತು ಬ್ರಾಂಟ್ 1965ರಲ್ಲಿ ಪ್ರಕಟಿಸಿದರು. ಅಣುವಿಗೆ ಎರಡು ಅಸಿಟೇಟ್ ಗುಂಪು ಅಂಟಿಸಿರುತ್ತಾರೆ. ಅದರಿಂದ ಅದು ಪೊರೆ ದಾಟಿ ಸುಲಭವಾಗಿ ಒಳಹೋಗುತ್ತದೆ. ಒಳಗಿನ ಎಸ್ಟರೇಸ್ ಕಿಣ್ವಗಳು ಆ ಗುಂಪುಗಳನ್ನು ಕತ್ತರಿಸುತ್ತವೆ, ಆಮೇಲೆ ಅಣು ಹೊರಬರಲು ಪರದಾಡುತ್ತದೆ. ಆಗ ಅದರಿಂದ ಎಲೆಕ್ಟ್ರಾನು ಕಿತ್ತುಕೊಳ್ಳುವವರು ಬಂದರೆ ಡೈ ಹಸಿರಾಗಿ ಬೆಳಗುತ್ತದೆ. ಸುಮಾರು 488 ನ್ಯಾನೊಮೀಟರಿನ ನೀಲಿ ಲೇಸರ್ ಬಿಟ್ಟರೆ 525ರ ಆಸುಪಾಸಿನ ಹಸಿರು ವಾಪಸು ಬರುತ್ತದೆ.

ಈ ಡೈ ಸಸ್ಯ ವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿದೆ. ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದೆ ಬೆಳೆ ಬಾಡಿದಾಗ ಎಲೆಯ ಬೆನ್ನಿನ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಇದ್ದ ನೀರಾದರೂ ಉಳಿಯಲೆಂದು ಗಿಡ ಮಾಡುವ ಏರ್ಪಾಡು ಇದು. ಮುಚ್ಚಿಕೊಳ್ಳಲು ಹೇಳುವ ಹಾರ್ಮೋನು ಆಬ್ಸಿಸಿಕ್ ಆಮ್ಲ. 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡದಲ್ಲಿ, ಪತ್ರರಂಧ್ರವನ್ನು ತೆರೆದು ಮುಚ್ಚುವ ಕಾವಲು ಕೋಶಗಳಲ್ಲಿ ಈ ಡೈ ಬಳಸಿತು. ಹಾರ್ಮೋನು ತಾಗಿದ ಮೇಲೆ ಅಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಏರಿತು, ಅದು ಕ್ಯಾಲ್ಸಿಯಂ ದ್ವಾರಗಳನ್ನು ತೆರೆಯಿತು. ಅಂದರೆ ಬಾಯಾರಿದ ಗಿಡ ತನ್ನ ರಂಧ್ರ ಮುಚ್ಚಲು ಪೆರಾಕ್ಸೈಡನ್ನೇ ಸಂದೇಶವಾಗಿ ಬಳಸುತ್ತದೆ.

ವೈದ್ಯಕೀಯದಲ್ಲೂ ಇದಕ್ಕೆ ಹತ್ತಿರದ ಬಂಧುವೊಂದು ಕೆಲಸ ಮಾಡುತ್ತಿದೆ, ಡೈಹೈಡ್ರೊರೋಡಮಿನ್. ಕೆಲವು ಮಕ್ಕಳಿಗೆ ಎಳವೆಯಿಂದಲೇ ಮೇಲಿಂದ ಮೇಲೆ ಕೀವು, ನ್ಯುಮೋನಿಯಾ, ಶಿಲೀಂಧ್ರದ ಸೋಂಕು. ಬಿಳಿ ರಕ್ತಕಣಗಳ ಸಂಖ್ಯೆ ಸರಿಯಿರುತ್ತದೆ, ಆದರೆ ರೋಗಾಣುವನ್ನು ನುಂಗಿದ ಮೇಲೆ ಸೂಪರ್‌ಆಕ್ಸೈಡ್ ಸುರಿದು ಕೊಲ್ಲುವ ಕಿಣ್ವ ಅವುಗಳಲ್ಲಿ ಕೆಟ್ಟಿರುತ್ತದೆ. ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ರೋಗ ಎಂದು ಇದರ ಹೆಸರು. ಮಗುವಿನ ರಕ್ತಕಣಗಳಿಗೆ ಡೈ ಕುಡಿಸಿ, ಪ್ರಚೋದಿಸಿ, ಕಣಗಳ ಬೆಳಕನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರ್‌ನಲ್ಲಿ ಹಾಯಿಸಿದರೆ ಆರೋಗ್ಯವಂತರ ಕಣಗಳು ಬೆಳಗುತ್ತವೆ, ಈ ಮಗುವಿನವು ಮಂಕಾಗಿಯೇ ಉಳಿಯುತ್ತವೆ. ದೋಷ ಎಕ್ಸ್ ವರ್ಣತಂತುವಿನಲ್ಲಿದ್ದರೆ, ಅದನ್ನು ದಾಟಿಸಿದ ತಾಯಿಯ ರಕ್ತದಲ್ಲಿ ಬೆಳಗುವ ಕಣಗಳದೊಂದು ಗುಂಪು, ಬೆಳಗದ ಕಣಗಳದೊಂದು ಗುಂಪು ಒಟ್ಟಿಗೆ ಕಾಣುತ್ತವೆ. ಕ್ರಿಯಾಶೀಲ ಆಮ್ಲಜನಕ ಬರೀ ವಿಷವಲ್ಲ, ಅದಿಲ್ಲದೆ ಬದುಕುವುದೂ ಕಷ್ಟ ಎಂಬುದನ್ನು ಈ ಮಕ್ಕಳ ನೋವು ನಮಗೆ ಕಲಿಸಿದೆ.

ಜಕ್ಕೂರಿನ ಶೋಧಕ

ಡಿಸಿಎಫ್‌ನ ತೊಂದರೆ ಏನೆಂದರೆ, ಅದು ಬೆಳಗಿದಾಗ ಬೆಳಗಿಸಿದವರು ಯಾರೆಂದು ಹೇಳುವುದಿಲ್ಲ. ಹೈಡ್ರೊಜನ್ ಪೆರಾಕ್ಸೈಡ್ ಒಂದೇ ಬಂದರೆ ಡೈ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನಡುವೆ ಕಬ್ಬಿಣವೋ ಪೆರಾಕ್ಸಿಡೇಸ್ ಕಿಣ್ವವೋ ಬೇಕು. ಸಾಯುತ್ತಿರುವ ಕೋಶದಲ್ಲಿ ಮೈಟೊಕಾಂಡ್ರಿಯದಿಂದ ಸೋರಿದ ಸೈಟೊಕ್ರೋಮ್-ಸಿ ಕೂಡ ಅದನ್ನು ಬೆಳಗಿಸಬಲ್ಲದು. ಜೊತೆಗೆ ಬೆಳಗುವ ಮುನ್ನಿನ ಹಂತದಲ್ಲಿ ಡೈ ತಾನೇ ರ್‍ಯಾಡಿಕಲ್ ಆಗಿ ಆಮ್ಲಜನಕಕ್ಕೆ ಎಲೆಕ್ಟ್ರಾನು ದಾಟಿಸುತ್ತದೆ. ಹಾಗಾದಾಗ ಅಳೆಯಲು ಬಂದ ಅಣುವೇ ಹೊಸ ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ.

ಹಾಗಾಗಿ ಒಂದೊಂದು ಅಣುವಿಗೆ ಮಾತ್ರ ಓಗೊಡುವ ಶೋಧಕಗಳ ಹುಡುಕಾಟ ಶುರುವಾಯಿತು. 2004ರಲ್ಲಿ ಬರ್ಕ್ಲಿಯ ಕ್ರಿಸ್ಟೊಫರ್ ಚಾಂಗ್ ಅವರ ತಂಡ ಬೋರಾನಿನ ದಾರಿ ಹಿಡಿಯಿತು. ಡೈಗೆ ಬೋರೊನೇಟ್ ಗುಂಪೊಂದನ್ನು ಅಂಟಿಸಿದರೆ ಅದರ ಹೊಳಪು ಅಡಗುತ್ತದೆ. ಹೈಡ್ರೊಜನ್ ಪೆರಾಕ್ಸೈಡ್ ಬಂದು ಬೋರಾನನ್ನು ಕಳಚಿದರೆ ಹೊಳಪು ಮರಳುತ್ತದೆ.

ಈ ದಾರಿಯಲ್ಲಿ ನಮ್ಮ ರಾಜ್ಯದ್ದೇ ಒಂದು ಚೆಂದದ ಕೆಲಸವಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಅವರ ತಂಡ, ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಸೈನಿ ಮತ್ತು ಪಿ. ಕೊಂಡಯ್ಯ ಅವರೊಡಗೂಡಿ 2016ರಲ್ಲಿ ಕ್ಯೂಸೈ-ಬಿಎ ಎಂಬ ಶೋಧಕವನ್ನು ಪ್ರಕಟಿಸಿತು. ಇದರ ಜಾಣ್ಮೆ ಎರಡು ಹಂತದ್ದು. ಮೊದಲು ಹೈಡ್ರೊಜನ್ ಪೆರಾಕ್ಸೈಡ್ ಬೋರೊನಿಕ್ ಆಮ್ಲದ ಭಾಗವನ್ನು ಕಳಚಬೇಕು. ಉಳಿದ ಅಣು ಆಗಲೂ ಜೋರಾಗಿ ಬೆಳಗುವುದಿಲ್ಲ. ಅದು ಹೋಗಿ ಡಿಎನ್‌ಎಯಲ್ಲಿ ಅಡೆನಿನ್, ಥೈಮಿನ್ ಹೆಚ್ಚಿರುವ ಕಡೆಯ ಕಿರಿದಾದ ತೋಡಿನಲ್ಲಿ ಕೂರಬೇಕು. ಅಲ್ಲಿ ಅಲುಗಾಡಲು ಎಡೆಯಿಲ್ಲದೆ ನಿಂತಾಗ ಅವಕೆಂಪಿಗೆ ಹತ್ತಿರದ ಕೆಂಪು ಬೆಳಕು ಹೊಮ್ಮುತ್ತದೆ. ಇಂಥ ಬೆಳಕು ಅಂಗಾಂಶದಲ್ಲಿ ಕಡಿಮೆ ಚದರುತ್ತದೆ, ಕೋಶದ ಸ್ವಂತ ಹೊಳಪಿನೊಂದಿಗೆ ಬೆರೆಯುವುದೂ ಕಡಿಮೆ. ಬೆಳವಣಿಗೆಯ ಸಂಕೇತ ಸಿಕ್ಕಾಗ ಕೋಶ ತಾನಾಗಿ ಹೊರಡಿಸುವ ಪೆರಾಕ್ಸೈಡು, ಡಿಎನ್‌ಎಗೆ ಪೆಟ್ಟು ಬಿದ್ದ ಮೇಲೆ ಏರುವ ಪೆರಾಕ್ಸೈಡು ಎರಡನ್ನೂ ಈ ಶೋಧಕ ತೋರಿಸಿಕೊಟ್ಟಿತು. ಹೊಸ ಕೋಶಗಳಲ್ಲೂ ಮುದಿಯಾದ ಕೋಶಗಳಲ್ಲೂ.

ಬೋರಾನಿನ ದಾರಿಗೂ ಮಿತಿಯಿದೆ. ಪೆರಾಕ್ಸಿನೈಟ್ರೈಟ್ ಎಂಬ ಇನ್ನೊಂದು ಅಣು ಬೋರೊನೇಟನ್ನು ಹೈಡ್ರೊಜನ್ ಪೆರಾಕ್ಸೈಡಿಗಿಂತ ಸುಮಾರು 10 ಲಕ್ಷ ಪಟ್ಟು ವೇಗವಾಗಿ ಕಳಚುತ್ತದೆ. ಹಾಗಾಗಿ ಬೆಳಕು ಕಂಡ ಮೇಲೆ ಅದರ ಮೂಲವನ್ನು ಬೇರೆ ಪರೀಕ್ಷೆಗಳಿಂದ ಗಟ್ಟಿಮಾಡಿಕೊಳ್ಳಬೇಕು.

ಕ್ಷಯದ ಬ್ಯಾಕ್ಟೀರಿಯಾದೊಳಗೆ

ಇನ್ನೊಂದು ಬಗೆಯ ಶೋಧಕವನ್ನು ಹೊರಗಿನಿಂದ ಹಾಕಬೇಕಿಲ್ಲ. ಜೀನ್ ಸೇರಿಸಿದರೆ ಜೀವಿಯೇ ಅದನ್ನು ತಯಾರಿಸಿಕೊಳ್ಳುತ್ತದೆ. 2008ರ ನೊಬೆಲ್ ತಂದುಕೊಟ್ಟ ಅಂಬಲಿ ಮೀನಿನ ಹಸಿರು ಪ್ರೋಟೀನು ಇದಕ್ಕೆ ಆಧಾರ. ರಷ್ಯದ ವಿಜ್ಞಾನಿಗಳು 2006ರಲ್ಲಿ ಇಂಥದೇ ಪ್ರೋಟೀನನ್ನು, ಬ್ಯಾಕ್ಟೀರಿಯಾ ಪೆರಾಕ್ಸೈಡನ್ನು ಗುರುತಿಸಲು ಬಳಸುವ ಪ್ರೋಟೀನಿನೊಂದಿಗೆ ಬೆಸೆದು ಹೈಪರ್ ಎಂಬ ಶೋಧಕ ಮಾಡಿದರು. 2009ರಲ್ಲಿ ಇದನ್ನು ಜೀಬ್ರಾ ಮೀನಿನ ಮರಿಗಳಲ್ಲಿಟ್ಟು ಬಾಲಕ್ಕೆ ಸಣ್ಣ ಗಾಯ ಮಾಡಿ ನೋಡಲಾಯಿತು. ನಿಮಿಷಗಳಲ್ಲಿ ಗಾಯದಂಚಿನಿಂದ ಪೆರಾಕ್ಸೈಡ್ ಹರಡಿತು; ಬಿಳಿ ರಕ್ತಕಣಗಳು ಬಂದದ್ದು ಆಮೇಲೆ, ಆ ಪೆರಾಕ್ಸೈಡಿನ ಜಾಡು ಹಿಡಿದು.

ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಮತ್ತು ಸಂಗಡಿಗರು ಈ ಬಗೆಯ ಶೋಧಕವನ್ನು ಕ್ಷಯರೋಗದ ಬ್ಯಾಕ್ಟೀರಿಯಾದೊಳಗೆ ಇಟ್ಟರು. ಈ ಬ್ಯಾಕ್ಟೀರಿಯಾ ನಮ್ಮ ಶ್ವಾಸಕೋಶದ ಮ್ಯಾಕ್ರೊಫೇಜ್ ಕೋಶಗಳು ಸುರಿಯುವ ಸೂಪರ್‌ಆಕ್ಸೈಡನ್ನು ತಾಳಿಕೊಂಡು ಅಲ್ಲೇ ಬೀಡುಬಿಡುತ್ತದೆ. ತಾಳಿಕೊಳ್ಳಲು ಅದಕ್ಕೆ ನೆರವಾಗುವುದು ಮೈಕೊಥಯಾಲ್ ಎಂಬ ಅಣು. 2014ರಲ್ಲಿ ಪ್ರಕಟವಾದ ಅವರ ಶೋಧಕ ಮೈಕೊಥಯಾಲ್‌ನ ಸ್ಥಿತಿಯನ್ನು ಓದುತ್ತದೆ. ಅದನ್ನು 405 ಮತ್ತು 488 ನ್ಯಾನೊಮೀಟರಿನ ಎರಡು ಬೆಳಕಿನಲ್ಲಿ ಕೆಣಕಿ, ಎರಡರ ಅನುಪಾತ ನೋಡುತ್ತಾರೆ. ಅನುಪಾತವಾದ್ದರಿಂದ ಒಂದು ಬ್ಯಾಕ್ಟೀರಿಯಾದಲ್ಲಿ ಶೋಧಕ ಹೆಚ್ಚಿದ್ದು ಇನ್ನೊಂದರಲ್ಲಿ ಕಡಿಮೆಯಿದ್ದರೂ ಲೆಕ್ಕ ತಪ್ಪುವುದಿಲ್ಲ. ಒಂದೇ ಸೋಂಕಿನೊಳಗಿನ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಸ್ಥಿತಿಯಲ್ಲಿರಲಿಲ್ಲ. ಕೆಲವು ಆಕ್ಸಿಡೀಕರಣದ ಪೆಟ್ಟು ತಿಂದಿದ್ದವು, ಕೆಲವು ತಮ್ಮನ್ನು ಕಾಪಾಡಿಕೊಂಡಿದ್ದವು. ಕಾಪಾಡಿಕೊಂಡವು ಔಷಧಿಗೂ ಸುಲಭಕ್ಕೆ ಜಗ್ಗುವುದಿಲ್ಲ. 2019ರಲ್ಲಿ ಇದೇ ಬಳಗ, ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್ ಜೊತೆಗೂಡಿಸಿದರೆ ಕ್ಷಯದ ಔಷಧಿಗಳು ಈ ಹಟಮಾರಿಗಳ ಮೇಲೂ ಚೆನ್ನಾಗಿ ಕೆಲಸ ಮಾಡುತ್ತವೆಂದು ಇಲಿ ಮತ್ತು ಗಿನಿಯಿಲಿಗಳಲ್ಲಿ ತೋರಿಸಿತು. ಎಲ್ಲ ಬ್ಯಾಕ್ಟೀರಿಯಾಗಳ ಸರಾಸರಿ ತೆಗೆದಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಕೆಂಪು ಧೂಳನ್ನು ಪರೀಕ್ಷಿಸುವುದಾದರೆ

ಈಗ ಸಂಡೂರಿಗೆ ಮರಳಿ ಒಂದು ಪ್ರಯೋಗವನ್ನು ಯೋಚಿಸೋಣ. ಗಣಿಯ ಧೂಳು ಶ್ವಾಸಕೋಶದ ಕೋಶದಲ್ಲಿ ಕ್ರಿಯಾಶೀಲ ಆಮ್ಲಜನಕ ಹೆಚ್ಚಿಸುತ್ತದೆಯೇ? ಪ್ರಶ್ನೆ ನ್ಯಾಯವಾದದ್ದು. ಇಲ್ಲಿನ ಅದಿರು ಹೆಮಟೈಟ್ ಮತ್ತು ಕ್ವಾರ್ಟ್ಜ್ ಪಟ್ಟೆಪಟ್ಟೆಯಾಗಿ ಬೆರೆತ ಶಿಲೆಯೊಂದಿಗೆ ಸಿಗುತ್ತದೆ. ಕ್ವಾರ್ಟ್ಜ್ ಎಂದರೆ ಸಿಲಿಕಾ. ಅದರ ನುಣ್ಣನೆಯ ಧೂಳು ಸಿಲಿಕೋಸಿಸ್ ತರುತ್ತದೆ, ಕ್ಷಯದ ಅಪಾಯವನ್ನೂ ಏರಿಸುತ್ತದೆ. ಆಗಷ್ಟೇ ಒಡೆದ ಸಿಲಿಕಾದ ಮೇಲ್ಮೈಯಲ್ಲಿ ರ್‍ಯಾಡಿಕಲ್‌ಗಳು ಹುಟ್ಟುತ್ತವೆಂಬುದೂ ಗೊತ್ತಿದೆ.

ವಿದ್ಯಾರ್ಥಿಯೊಬ್ಬರು ಕೋಶಗಳಿಗೆ ಧೂಳು ಹಾಕಿ, ಡಿಸಿಎಫ್ ಸೇರಿಸಿದರು ಎನ್ನಿ. ಹಸಿರು ಏರಿತು. ಧೂಳಿನಿಂದ ಕೋಶ ನರಳಿತು ಎನ್ನಬಹುದೇ? ಅಷ್ಟಕ್ಕೇ ಹಾಗೆನ್ನಲು ಬರುವುದಿಲ್ಲ. ಧೂಳಿನಿಂದ ಬಿಟ್ಟುಕೊಂಡ ಕಬ್ಬಿಣ, ಇದ್ದಷ್ಟೇ ಪೆರಾಕ್ಸೈಡಿನಿಂದ ಡೈಯನ್ನು ಹೆಚ್ಚು ಬೆಳಗಿಸಿರಬಹುದು. ಹಸಿರು ಏರದಿದ್ದರೆ? ಆಗಲೂ ಧೂಳು ನಿರಪಾಯ ಎನ್ನಲಾಗದು. ಹೆಮಟೈಟ್ ಕೆಂಪಾಗಿ ಕಾಣುವುದೇ ಅದು ನೀಲಿ-ಹಸಿರು ಬೆಳಕನ್ನು ಹೀರುವುದರಿಂದ. ಡೈಗೆ ಹೋಗಬೇಕಾದ ನೀಲಿಯನ್ನೂ, ಡೈಯಿಂದ ಬರಬೇಕಾದ ಹಸಿರನ್ನೂ ಅದು ನುಂಗಿರಬಹುದು. ಕಬ್ಬಿಣದ ಊರಿನಲ್ಲಿ ಈ ಡೈ ಎರಡೂ ಕಡೆ ದಾರಿ ತಪ್ಪಿಸುತ್ತದೆ.

ಆದ್ದರಿಂದ ಕೋಶವಿಲ್ಲದೆ ಧೂಳು ಮತ್ತು ಡೈ ಮಾತ್ರ ಇಟ್ಟು ನೋಡಬೇಕು. ಡೈ ಇಲ್ಲದೆ ಕೋಶ ಮತ್ತು ಧೂಳು ಇಟ್ಟು ನೋಡಬೇಕು. ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿದರೆ ಬೆಳಕು ಇಳಿಯುತ್ತದೆಯೇ, ಕಬ್ಬಿಣವನ್ನು ಹಿಡಿದಿಡುವ ಡೆಸ್‌ಫೆರಿಯಾಕ್ಸಮಿನ್ ಹಾಕಿದರೆ ಏನಾಗುತ್ತದೆ, ಬರೀ ಕ್ವಾರ್ಟ್ಜ್ ಪುಡಿ ಏನು ಮಾಡುತ್ತದೆ, ಬರೀ ಹೆಮಟೈಟ್ ಏನು ಮಾಡುತ್ತದೆ ಎಂದು ಒಂದೊಂದಾಗಿ ಬೇರ್ಪಡಿಸಬೇಕು. ಕೆಂಪು ಬೆಳಕಿನ ಬೋರೊನೇಟ್ ಶೋಧಕವೋ ಅನುಪಾತದ ಪ್ರೋಟೀನ್ ಶೋಧಕವೋ ಅದನ್ನೇ ಹೇಳುತ್ತದೆಯೇ ನೋಡಬೇಕು. ಕೊನೆಗೆ ಡಿಎನ್‌ಎಗೆ, ಕೊಬ್ಬಿಗೆ ನಿಜವಾಗಿ ಹಾನಿಯಾಗಿದೆಯೇ ಎಂದು ಪ್ರತ್ಯೇಕವಾಗಿ ಅಳೆಯಬೇಕು. 2022ರಲ್ಲಿ ಕೇಂಬ್ರಿಜ್‌ನ ಮೈಕೆಲ್ ಮರ್ಫಿ ಮತ್ತು ಹಲವು ದೇಶಗಳ ತಜ್ಞರು ನೇಚರ್ ಮೆಟಬಾಲಿಸಂ ಪತ್ರಿಕೆಯಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಒತ್ತಾಯವೂ ಇದೇ. ಕ್ರಿಯಾಶೀಲ ಆಮ್ಲಜನಕ ಎಂದು ಒಟ್ಟಾರೆ ಹೇಳಬೇಡಿ, ಯಾವ ಅಣು ಎಂದು ಹೆಸರಿಸಿ. ಒಂದೇ ಡೈಯ ಮಾತು ನಂಬಬೇಡಿ.

ಗಣಿನಾಡಿನಲ್ಲಿ ಈ ಶಿಸ್ತಿಗೆ ಹೆಚ್ಚಿನ ಬೆಲೆಯಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗಿನಿಂದ ಇಲ್ಲಿ ಧೂಳು, ಕಾಡು, ಕೂಲಿ ಕುರಿತ ಮಾತು ನಿಂತಿಲ್ಲ. ಸಡಿಲವಾದ ಸಾಕ್ಷ್ಯದಿಂದ ಮೊದಲು ನಷ್ಟವಾಗುವುದು ಧೂಳು ಕುಡಿಯುವ ಕಾರ್ಮಿಕನಿಗೇ. ಇಂದು ಅವನ ಪರವಾಗಿ ತೋರಿಸಿದ ಚಿತ್ರ, ನಾಳೆ ಎದುರು ಪಕ್ಷದ ತಜ್ಞರ ಒಂದೇ ಪ್ರಶ್ನೆಗೆ ಬಿದ್ದುಹೋದರೆ ಅವನ ಕೆಮ್ಮಿಗೆ ಕಿವಿಗೊಡುವವರು ಇರುವುದಿಲ್ಲ. ಬಿಗಿಯಾದ ಸಾಕ್ಷ್ಯವನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಸಂಡೂರಿನ ಪಕ್ಕದ ನಂದಿಹಳ್ಳಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಅದಿರನ್ನು ಬಲ್ಲ ವಿದ್ಯಾರ್ಥಿಗಳು ಅಲ್ಲಿದ್ದಾರೆ, ಶೋಧಕ ಕಟ್ಟಬಲ್ಲವರು ಬೆಂಗಳೂರಿನಲ್ಲಿದ್ದಾರೆ. ಕೋಶದೊಳಗೆ ಕಬ್ಬಿಣ ಮತ್ತು ಆಮ್ಲಜನಕ ಏನು ಮಾಡುತ್ತವೆಂಬ ಪ್ರಶ್ನೆಯನ್ನು ಕೇಳಲು ಇವರಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ಇವರಿಬ್ಬರೂ ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡಬೇಕು. ಶೋಧಕದ ಬೆಳಕು ಎಷ್ಟು ಪ್ರಖರವಾಗಿದೆ ಎಂಬುದಕ್ಕಿಂತ, ಅದು ಯಾವ ಅಣುವಿನ ಬಗ್ಗೆ, ಎಲ್ಲಿ, ಎಷ್ಟು ಹೊತ್ತು ಹೇಳುತ್ತಿದೆ ಎಂದು ಕೇಳುವ ಅಭ್ಯಾಸ ಬೆಳೆದರೆ ಈ ಕೆಂಪು ಧೂಳಿನ ಬಗ್ಗೆ ನಾವು ಆಡುವ ಮಾತಿಗೆ ತೂಕ ಬರುತ್ತದೆ.